ಹೈಸ್ಕೂಲಿನ ಅಲ್ಪಸಂಖ್ಯಾತ ಮಕ್ಕಳ ಕ್ಲಬ್: ಮಗಳು ಸೇರಬೇಕಾ, ಬೇಡವಾ?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಒಹಾಯೋ ರಾಜ್ಯದ ಕೊಲಂಬಸ್ ಹತ್ತಿರ ಇದ್ದೇವೆ. ಮಗಳು ಹತ್ತನೇ ಗ್ರೇಡಿನಲ್ಲಿ ಓದುತ್ತಿದ್ದಾಳೆ. ಅವಳ ಶಾಲೆಯಲ್ಲಿ ಅಲ್ಪಸಂಖ್ಯಾತ ಮಕ್ಕಳ ಏಳಿಗೆಗೆ ಅಂತ ಒಂದು ಕ್ಲಬ್ ಇದೆ. ಆಫ್ರಿಕನ್ ಅಮೆರಿಕನ್, ಸೊಮಾಲಿ, ಮೆಕ್ಸಿಕನ್ ಮಕ್ಕಳು ಜಾಸ್ತಿ. ಇವಳನ್ನು ಸೆಕ್ರೆಟರಿ ಆಗು ಅಂತ ಕೇಳಿದ್ದಾರೆ. ನಮ್ಮ ಯಜಮಾನರು, 'ನಮ್ಮ ಮಕ್ಕಳಿಗೆ ಇದೆಲ್ಲಾ ಯಾಕೆ ಬೇಕು, ಸುಮ್ನೆ ಓದು ಹಾಳು' ಅಂತಾರೆ. ನನಗೆ ಇನ್ನೊಂದು ಚಿಂತೆ. ಮಕ್ಕಳನ್ನು ಬಣ್ಣ ನೋಡಿ ಬೇರೆ ಬೇರೆ ಕೂರಿಸಿದ ಹಾಗೆ ಆಗಲ್ವಾ? ಈಗಿನ ಪರಿಸ್ಥಿತಿಯಲ್ಲಿ ಇಂಥ ಕ್ಲಬ್ ನಡೆಸೋದು ಕಾನೂನಿಗೆ ವಿರುದ್ಧ ಅಂತಲೂ ಯಾರೋ ಹೇಳಿದರು. ಕಾಲೇಜ್ ಅಡ್ಮಿಷನ್‌ಗೆ ತೊಂದರೆ ಆಗುತ್ತಾ? ದಯವಿಟ್ಟು ತಿಳಿಸಿ.

ಉತ್ತರ:

ಸೇರಲಿ ಅಮ್ಮ. ಆದರೆ ಹೂಂ ಅನ್ನುವ ಮೊದಲು ಮಗಳನ್ನು ಒಂದು ಮಾತು ಕೇಳಿ. ಆ ಕ್ಲಬ್ಬಿನಲ್ಲಿ ಮಕ್ಕಳು ಒಟ್ಟಿಗೆ ಕೂತು ಓದುತ್ತಾರಾ?

ಇದನ್ನೇ ಮೊದಲು ಕೇಳಿ ಅನ್ನೋದಕ್ಕೆ ಕಾರಣ ಇದೆ. ನಾನು ಇಲ್ಲಿನ ಹೈಸ್ಕೂಲುಗಳಲ್ಲಿ ಬಹಳ ವರ್ಷ ಕೌನ್ಸೆಲರ್ ಆಗಿ ಕೆಲಸ ಮಾಡಿದವಳು. ಇಂಥ ಕ್ಲಬ್ಬುಗಳನ್ನು ಹತ್ತಿರದಿಂದ ನೋಡಿದ್ದೇನೆ. ಕೆಲವು ಕಡೆ ವರ್ಷಕ್ಕೊಂದು ಊಟದ ಮೇಳ, ಒಂದು ಡ್ಯಾನ್ಸ್, ಒಂದು ಟೀ ಶರ್ಟ್, ಅಲ್ಲಿಗೆ ಮುಗೀತು. ಮಕ್ಕಳಿಗೆ ಖುಷಿ ಆಗುತ್ತೆ, ತಪ್ಪೇನಿಲ್ಲ. ಆದರೆ ಫೆಬ್ರವರಿಯಲ್ಲಿ ಮುಂದಿನ ವರ್ಷದ ಕೋರ್ಸ್ ಆಯ್ಕೆಯ ಫಾರ್ಮ್ ಬಂದಾಗ ಆ ಮಕ್ಕಳ ಕೈಹಿಡಿಯೋರು ಯಾರೂ ಇರಲ್ಲ. ಇನ್ನು ಕೆಲವು ಕಡೆ ಹನ್ನೆರಡನೇ ಗ್ರೇಡಿನ ಹುಡುಗಿ ಒಂಬತ್ತನೇ ಗ್ರೇಡಿನವಳ ಪಕ್ಕ ಕೂತು, 'ಈ ಕ್ಲಾಸ್ ತಗೋ, ಕಷ್ಟ ಇದೆ, ನಾನೂ ಪಾಸಾಗಿದ್ದೀನಿ, ಮಂಗಳವಾರ ಬಾ, ಹೇಳಿಕೊಡ್ತೀನಿ' ಅಂತಾಳೆ. ನಿಮ್ಮ ಮಗಳು ಇಂಥ ಕ್ಲಬ್ಬಿಗೆ ಸೆಕ್ರೆಟರಿ ಆಗೋದಾದರೆ ನಾನು ಕಣ್ಣು ಮುಚ್ಚಿಕೊಂಡು ಹೂಂ ಅಂತೀನಿ. ಮೊದಲನೇ ಥರದ್ದಾದರೆ, ಅದನ್ನು ಎರಡನೇ ಥರ ಮಾಡೋ ಕೆಲಸ ಅವಳಿಗೆ ಸಿಗುತ್ತೆ.

ಓದಿಗೂ ಗೆಳೆತನಕ್ಕೂ ಏನು ಸಂಬಂಧ ಅನ್ನೋದು ಬರ್ಕ್‌ಲಿಯಲ್ಲಿ ಬಹಳ ಚೆನ್ನಾಗಿ ಗೊತ್ತಾಯಿತು. 1970ರ ದಶಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ ಕ್ಯಾಂಪಸ್ಸಿನಲ್ಲಿ ಮೊದಲ ವರ್ಷದ ಕ್ಯಾಲ್ಕುಲಸ್ ತಗೊಂಡ ಕಪ್ಪು ಜನಾಂಗದ ಮಕ್ಕಳು ಸಾಲುಸಾಲಾಗಿ ಫೇಲಾಗುತ್ತಿದ್ದರು. ಯೂರಿ ಟ್ರೈಸ್‌ಮನ್ ಅಂತ, ಆಗಿನ್ನೂ ಗಣಿತದಲ್ಲಿ ಸಂಶೋಧನೆ ಮಾಡುತ್ತಿದ್ದ ವಿದ್ಯಾರ್ಥಿ. ಯಾಕೆ ಹೀಗೆ ಅಂತ ಪ್ರೊಫೆಸರ್‌ಗಳನ್ನು ಕೇಳಿದರು. ಓದೋ ಆಸೆ ಇಲ್ಲ, ಹೈಸ್ಕೂಲಲ್ಲಿ ಅಡಿಪಾಯ ಸರಿ ಇಲ್ಲ, ಮನೆಯಲ್ಲಿ ಬೆಂಬಲ ಇಲ್ಲ, ಬಡತನ. ಎಲ್ಲರದ್ದೂ ಇದೇ ಉತ್ತರ. ಟ್ರೈಸ್‌ಮನ್ ಅದನ್ನು ಹಾಗೇ ಒಪ್ಪಲಿಲ್ಲ. ಕಪ್ಪು ಮಕ್ಕಳು 20 ಜನ, ಚೀನಾ ಮೂಲದ ಮಕ್ಕಳು 20 ಜನ. ಇಷ್ಟು ಜನ ದಿನಾ ಹೇಗೆ ಓದುತ್ತಾರೆ ಅಂತ ಅವರ ಜೊತೆಗೇ ಇದ್ದು ನೋಡಿದರು.

ಪ್ರೊಫೆಸರ್‌ಗಳು ಕೊಟ್ಟ ಕಾರಣ ಒಂದೂ ನಿಲ್ಲಲಿಲ್ಲ. ಆ ಮಕ್ಕಳಲ್ಲಿ ಎಷ್ಟೋ ಜನ ತಮ್ಮ ಹೈಸ್ಕೂಲಿನಲ್ಲಿ ಮೊದಲ ಸಾಲಿನವರು. ಮನೆಯವರು ಓದಲಿ ಅಂತ ಹಂಬಲಿಸಿದವರು. ಅವರು ಕ್ಲಾಸಿಗೆ ತಪ್ಪಿಸುತ್ತಿರಲಿಲ್ಲ, ಹೋಂವರ್ಕ್ ಮಾಡುತ್ತಿದ್ದರು. ಆದರೆ ಒಬ್ಬೊಬ್ಬರೇ, ಬಾಗಿಲು ಹಾಕಿಕೊಂಡು. ಗೆಳೆಯರು ಬೇರೆ, ಓದು ಬೇರೆ. ಲೆಕ್ಕ ಬರದಿದ್ದರೆ ಅದು ತನಗೊಬ್ಬನಿಗೇ ಬರುತ್ತಿಲ್ಲ ಅನ್ನೋ ಭಾವನೆ. ಚೀನಾ ಮೂಲದ ಮಕ್ಕಳೂ ಮೊದಲು ಒಬ್ಬರೇ ಕೂತು ಲೆಕ್ಕ ಮಾಡುತ್ತಿದ್ದರು. ಆಮೇಲೆ ಸಂಜೆ ಸೇರುತ್ತಿದ್ದರು. ಊಟ, ಹರಟೆ, ಮಧ್ಯದಲ್ಲೇ ಉತ್ತರ ತಾಳೆ ನೋಡೋದು, ಹಳೇ ಪ್ರಶ್ನೆಪತ್ರಿಕೆ ತೆಗೆಯೋದು, ತಪ್ಪಾದ ಕಡೆ ಜಗಳ. ಎಲ್ಲರಿಗೂ ಬರದ ಲೆಕ್ಕ ಇದ್ದರೆ, ಲೆಕ್ಕವೇ ಕಷ್ಟ, ತಾನು ದಡ್ಡ ಅಲ್ಲ ಅಂತ ಗೊತ್ತಾಗುತ್ತಿತ್ತು.

1978ರಿಂದ ಟ್ರೈಸ್‌ಮನ್ ಒಂದು ವರ್ಕ್‌ಶಾಪ್ ನಡೆಸಿದರು. ಅದರಲ್ಲಿ ನನಗೆ ಮುಖ್ಯ ಅನಿಸೋದು ಇದು: 'ಹಿಂದುಳಿದವರಿಗೆ ವಿಶೇಷ ತರಗತಿ' ಅಂತ ಬೋರ್ಡ್ ಹಾಕಲಿಲ್ಲ. ಇದು ಆನರ್ಸ್ ಮಕ್ಕಳ, ಅಂದರೆ ಚೆನ್ನಾಗಿ ಓದುವ ಮಕ್ಕಳ ಕೂಟ, ಇಲ್ಲಿ ಲೆಕ್ಕ ಮಾಮೂಲಿಗಿಂತ ಕಷ್ಟ ಇರುತ್ತೆ ಅಂತ ಕರೆದರು. ಗುಂಪಿನಲ್ಲಿ ಕೂರಿಸಿ ಕಷ್ಟದ ಲೆಕ್ಕವನ್ನೇ ಕೊಟ್ಟರು. ಬಂದ ಕಪ್ಪು ಮಕ್ಕಳು ಬಾರದವರಿಗಿಂತ ಎಷ್ಟೋ ಮುಂದೆ ಹೋದರು. ಆಮೇಲೆ ಬೇರೆ ಬೇರೆ ಕಾಲೇಜುಗಳು ಅದೇ ಮಾದರಿ ಹಿಡಿದವು.

ನೀವು ಒಹಾಯೋದಲ್ಲೇ ಇದ್ದೀರಿ, ಹಾಗಾಗಿ ಶೇಕರ್ ಹೈಟ್ಸ್ ಕಥೆ ಹೇಳಲೇಬೇಕು. ಕ್ಲೀವ್‌ಲ್ಯಾಂಡ್ ಪಕ್ಕದ ಊರು. 1950ರ ದಶಕದಿಂದಲೂ ಬಿಳಿಯರು, ಕಪ್ಪು ಜನರು ಬೇಕು ಅಂತಲೇ ಒಂದೇ ಬೀದಿಯಲ್ಲಿ ಬಾಳಲು ಪ್ರಯತ್ನಪಟ್ಟ ಊರು ಅಂತ ದೇಶಕ್ಕೆಲ್ಲಾ ಹೆಸರಾಗಿತ್ತು. ಶಾಲೆಯೂ ಒಳ್ಳೆಯದೇ. ಆದರೂ ಒಳಗೆ ಹೋಗಿ ನೋಡಿದರೆ ಆನರ್ಸ್ ಮತ್ತು ಎಪಿ (ಹೈಸ್ಕೂಲಿನಲ್ಲೇ ಕಾಲೇಜ್ ಮಟ್ಟದ ಪಾಠ) ಕ್ಲಾಸುಗಳಲ್ಲಿ ಬಿಳಿಯ ಮಕ್ಕಳೇ ಜಾಸ್ತಿ, ಕೆಳಗಿನ ಲೆವೆಲ್ಲಿನಲ್ಲಿ ಕಪ್ಪು ಮಕ್ಕಳು. 1990ರಲ್ಲಿ ಅಲ್ಲಿನ ಹೈಸ್ಕೂಲಿನಲ್ಲಿ ಮ್ಯಾಕ್ ಸ್ಕಾಲರ್ಸ್ ಅನ್ನೋ ಗುಂಪು ಹುಟ್ಟಿತು. ಮ್ಯಾಕ್ ಅಂದರೆ ಮೈನಾರಿಟಿ ಅಚೀವ್‌ಮೆಂಟ್ ಕಮಿಟಿ. ಚೆನ್ನಾಗಿ ಓದುವ ದೊಡ್ಡ ಕ್ಲಾಸಿನ ಕಪ್ಪು ಹುಡುಗರು ಶರ್ಟು, ಟೈ ಹಾಕಿಕೊಂಡು ಬಂದು ಚಿಕ್ಕ ಹುಡುಗರಿಗೆ ಕೈ ಕುಲುಕುತ್ತಿದ್ದರು. ಮಾರ್ಕ್ಸ್ ಬಗ್ಗೆ, ನಡವಳಿಕೆ ಬಗ್ಗೆ, ಕಾಲೇಜ್ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತು. ಮಾರ್ಕ್ಸ್ ಏರಿಸಿಕೊಂಡು ಬಂದವನಿಗೆ ಎಲ್ಲರ ಮುಂದೆ ಚಪ್ಪಾಳೆ. ಆಮೇಲೆ ಹುಡುಗಿಯರಿಗೂ ಇಂಥದ್ದೇ ಗುಂಪು ಬಂತು, ಬೇರೆ ಊರಿನ ಶಾಲೆಗಳೂ ಇದನ್ನು ನೋಡಿ ಕಲಿತವು.

ಇದರಲ್ಲಿ ಯಾವುದಕ್ಕೆ ಬೆಲೆ ಅಂತ ಕೇಳಿದರೆ, ಟೈ ಕಟ್ಟಿದ್ದಕ್ಕಲ್ಲ. ಹದಿಮೂರು ಹದಿನಾಲ್ಕರ ಹುಡುಗನಿಗೆ 'ಚೆನ್ನಾಗಿ ಓದುವವನು ನನ್ನ ಥರ ಇರಲ್ಲ' ಅಂತ ಒಳಗೊಳಗೇ ಅನಿಸಿರುತ್ತೆ. ಅವನ ಎದುರಿಗೆ ತನ್ನ ಹಾಗೇ ಕಾಣುವ, ತನ್ನ ಬೀದಿಯಲ್ಲೇ ಬೆಳೆದ, ಫಿಸಿಕ್ಸ್‌ನಲ್ಲಿ ಎ ತಗೊಂಡ ಅಣ್ಣ ನಿಂತಿದ್ದಾನೆ. ಇದನ್ನು ಕೌನ್ಸೆಲರ್ ಆಗಿ ನಾನು ನೂರು ಸಲ ಹೇಳಿದರೂ ಆಗಲ್ಲ.

ಶೇಕರ್ ಹೈಟ್ಸ್‌ನಲ್ಲಿ ಕ್ಲಬ್ ಬಂತು ಅಂತ ಕಪ್ಪು ಮಕ್ಕಳ, ಬಿಳಿಯ ಮಕ್ಕಳ ಓದಿನ ನಡುವಿನ ಅಂತರ ಪೂರಾ ಹೋಗಲಿಲ್ಲ ಅನ್ನೋದನ್ನೂ ಹೇಳಬೇಕು. ಅಲ್ಲಿನ ಕಪ್ಪು ತಂದೆತಾಯಿಯರೇ ಕರೆಸಿದ್ದರಿಂದ 1990ರ ದಶಕದ ಕೊನೆಯಲ್ಲಿ ಜಾನ್ ಓಗ್ಬು ಅನ್ನೋ ಬರ್ಕ್‌ಲಿಯ ಮಾನವಶಾಸ್ತ್ರಜ್ಞರು ಬಂದು ಅಧ್ಯಯನ ಮಾಡಿದರು. ಮಕ್ಕಳ ಮತ್ತು ಮನೆಯವರ ಓದಿನ ಬಗೆಗಿನ ಮನೋಭಾವದ ಮೇಲೆ ಅವರು ಜಾಸ್ತಿ ಭಾರ ಹಾಕಿದರು. ಶಾಲೆಯ ವ್ಯವಸ್ಥೆಯ ತಪ್ಪನ್ನು ಮಕ್ಕಳ ಮೇಲೆ ಹೊರಿಸಿದರು ಅಂತ ಹಲವರು ಕೋಪ ಮಾಡಿಕೊಂಡರು. ಆ ಕೋಪಕ್ಕೆ ಅರ್ಥ ಇತ್ತು ಅಂತ ನನ್ನ ಅಭಿಪ್ರಾಯ. ಕೊನೆಗೆ 2020ರಲ್ಲಿ ಆ ಶಾಲೆಗಳು ಹಲವು ತರಗತಿಗಳಲ್ಲಿ ಲೆವೆಲ್ ಪ್ರಕಾರ ಮಕ್ಕಳನ್ನು ಬೇರ್ಪಡಿಸೋದನ್ನೇ ಬಿಟ್ಟವು. ಕ್ಲಬ್ಬಿನ ಕೆಲಸ ಒಂದು, ಶಾಲೆ ಮಾಡಬೇಕಾದ ಕೆಲಸ ಇನ್ನೊಂದು. ಕ್ಲಬ್ ಇದೆಯಲ್ಲ ಅಂತ ಪ್ರಿನ್ಸಿಪಾಲರು ಕೈತೊಳೆದುಕೊಳ್ಳೋ ಹಾಗಾಗಬಾರದು.

ಇದೇ ಮಾತನ್ನು ಸಂಶೋಧನೆಯೂ ಹೇಳುತ್ತೆ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೊಹೆನ್ ಅನ್ನೋ ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞರು 2011ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಕಾಲೇಜಿಗೆ ಹೊಸದಾಗಿ ಬಂದ ಮಕ್ಕಳಿಗೆ ಸುಮಾರು ಒಂದು ಗಂಟೆ, ಸೀನಿಯರ್‌ಗಳ ಅನುಭವ ಓದಿಸಿದರು. 'ಮೊದಲ ವರ್ಷ ನನಗೂ ಇದು ನನ್ನ ಜಾಗ ಅಲ್ಲ ಅನಿಸಿತ್ತು, ಎಲ್ಲರಿಗೂ ಹಾಗೇ ಅನಿಸುತ್ತೆ, ಬರ್ತಾ ಬರ್ತಾ ಸರಿಹೋಗುತ್ತೆ' ಅನ್ನೋ ಅರ್ಥದ ಮಾತುಗಳು. ಆಮೇಲೆ ಮಕ್ಕಳಿಂದಲೇ ಮುಂದಿನ ವರ್ಷದವರಿಗೆ ಅಂಥದ್ದೊಂದು ಬರೆಸಿದರು. ಅಷ್ಟೇ. ಮುಂದಿನ ಮೂರು ವರ್ಷದಲ್ಲಿ ಕಪ್ಪು ಮಕ್ಕಳ ಮತ್ತು ಬಿಳಿಯ ಮಕ್ಕಳ ಜಿಪಿಎ (ಸರಾಸರಿ ಗ್ರೇಡ್) ನಡುವಿನ ಅಂತರ ಅರ್ಧಕ್ಕೆ ಇಳಿಯಿತು. 2023ರಲ್ಲಿ ಇದನ್ನೇ 22 ಕಾಲೇಜುಗಳಲ್ಲಿ 26,911 ವಿದ್ಯಾರ್ಥಿಗಳ ಮೇಲೆ ಮಾಡಿ ನೋಡಿದರು. ಆಗ ಗೊತ್ತಾಗಿದ್ದು ಏನಪ್ಪಾ ಅಂದರೆ, ಆ ಮಕ್ಕಳಿಗೆ ನಿಜವಾಗಿ ಜಾಗ ಸಿಗುವಂಥ ಕಾಲೇಜುಗಳಲ್ಲಿ ಮಾತ್ರ ಇದು ಫಲ ಕೊಟ್ಟಿತು. ಇದು ನಿನ್ನದೇ ಜಾಗ ಅಂತ ಬರೀ ಬಾಯಲ್ಲಿ ಹೇಳಿ, ಆಮೇಲೆ ಯಾರೂ ಮಾತಾಡಿಸದಿದ್ದರೆ ಏನೂ ಆಗಲ್ಲ.

ಒಳ್ಳೆ ಕ್ಲಬ್ಬಿನ ಒಂದು ಸಂಜೆ ಹೇಗಿರುತ್ತೆ ಅಂತ ಹೇಳ್ತೀನಿ. ನಾನು ಕೆಲಸ ಮಾಡಿದ ಒಂದು ಶಾಲೆಯ ಮಾತು. ಕೊನೇ ಬೆಲ್ ಆಗಿದೆ. ಒಂಬತ್ತನೇ ಗ್ರೇಡಿನ ಹುಡುಗಿ ಆಲ್ಜೀಬ್ರಾ ಪೇಪರ್ ಹಿಡಿದು ಬಂದಿದ್ದಾಳೆ. 58 ಬಂದಿದೆ. ಪೇಪರನ್ನು ನಾಲ್ಕಾಗಿ ಮಡಚಿಟ್ಟಿದ್ದಾಳೆ. ಹನ್ನೆರಡನೇ ಗ್ರೇಡಿನವಳು ಪಕ್ಕದಲ್ಲಿ ಕೂತು ಮೊದಲು ಲೆಕ್ಕ ಹೇಳಿಕೊಡಲಿಲ್ಲ. 'ಟೀಚರ್‌ಗೆ ಇಮೇಲ್ ಬರಿ, ರೀಟೇಕ್ ಕೇಳು' ಅಂದಳು. ಚಿಕ್ಕವಳಿಗೆ ಪರೀಕ್ಷೆ ಮತ್ತೊಮ್ಮೆ ಬರೆಯೋಕೆ ಹಾಗೆ ಕೇಳಬಹುದು ಅನ್ನೋದೇ ಗೊತ್ತಿರಲಿಲ್ಲ. ಬರೆಯೋಕೆ ಶುರು ಮಾಡಿದಳು, ಮೊದಲ ಪದವೇ 'ಸಾರಿ'. ದೊಡ್ಡವಳು ಅದನ್ನು ಅಳಿಸಿದಳು. 'ತಪ್ಪು ಮಾಡಿದ್ದೀಯಾ? ಇಲ್ಲ ಅಲ್ವಾ? ಯಾವಾಗ ಬಂದು ಡೌಟ್ ಕೇಳಬಹುದು ಅಂತ ಬರಿ.' ಮೂರು ಸಾಲಿನ ಇಮೇಲ್. ಕಳಿಸಿದ ಮೇಲೆ ಲೆಕ್ಕಕ್ಕೆ ಕೂತರು.

ಮನೆಯಲ್ಲಿ ಕಾಲೇಜ್ ಓದಿದವರು ಇದ್ದರೆ ಇದೆಲ್ಲಾ ಊಟದ ಹೊತ್ತಿಗೇ ಗೊತ್ತಾಗಿಬಿಡುತ್ತೆ. ರೀಟೇಕ್ ಕೇಳಬಹುದು. ಟೀಚರ್ ಹತ್ತಿರ ಹೋಗಿ ಮಾತಾಡಬಹುದು. ಎಂಟನೇ ಗ್ರೇಡಿನಲ್ಲೇ ಆಲ್ಜೀಬ್ರಾ 1 ಮುಗಿಸಿದರೆ ಜಾಮಿಟ್ರಿ, ಆಲ್ಜೀಬ್ರಾ 2, ಪ್ರೀಕ್ಯಾಲ್ಕುಲಸ್ ಆಗಿ ಹನ್ನೆರಡನೇ ಗ್ರೇಡಿಗೆ ಕ್ಯಾಲ್ಕುಲಸ್ ಸಿಗುತ್ತೆ. ಒಂಬತ್ತರಲ್ಲಿ ಶುರು ಮಾಡಿದರೆ, ಮಧ್ಯೆ ಒಂದು ಬೇಸಿಗೆ ಕೋರ್ಸ್ ಮಾಡಿದರೋ, ಒಂದೇ ವರ್ಷ ಎರಡು ಗಣಿತ ತಗೊಂಡರೋ ಮಾತ್ರ ಸಿಗುತ್ತೆ. ಎಂಜಿನಿಯರಿಂಗ್ ಕನಸಿರೋ ಮಗುವಿಗೆ ಇದನ್ನು ಹನ್ನೊಂದನೇ ಗ್ರೇಡಿನಲ್ಲಿ ಹೇಳಿ ಏನು ಪ್ರಯೋಜನ? ಎಪಿ ಪರೀಕ್ಷೆಗೆ ಸುಮಾರು 100 ಡಾಲರ್ ಶುಲ್ಕ ಇದೆ, ಬಡ ಮಕ್ಕಳಿಗೆ ರಿಯಾಯಿತಿ ಇದೆ, ಪರೀಕ್ಷೆ ಮೇ ತಿಂಗಳಲ್ಲಾದರೂ ಹೆಸರು ಕೊಡೋದು ನವೆಂಬರ್‌ನಲ್ಲೇ. ಒಹಾಯೋದಲ್ಲಿ ಕಾಲೇಜ್ ಕ್ರೆಡಿಟ್ ಪ್ಲಸ್ ಅಂತ ಯೋಜನೆ ಇದೆ, ಹೈಸ್ಕೂಲಲ್ಲಿ ಇರುವಾಗಲೇ ಸರ್ಕಾರಿ ಕಾಲೇಜಿನ ಪಾಠ ದುಡ್ಡಿಲ್ಲದೆ ಓದಬಹುದು. ನಿಮ್ಮ ಮಗಳಿಗೆ ಇದು ಗೊತ್ತಿರಬಹುದು. ಅವಳ ಸೊಮಾಲಿ ಗೆಳತಿಯ ಅಮ್ಮನಿಗೆ ಯಾರು ಹೇಳಬೇಕು?

ಈಗ ನಿಮ್ಮ ಚಿಂತೆಗೆ ಬರ್ತೀನಿ. ಬಣ್ಣ ನೋಡಿ ಬೇರೆ ಕೂರಿಸಿದ ಹಾಗೆ ಆಗಲ್ವಾ ಅಂದಿರಿ. ಅಮ್ಮ, ಇವಳ ಶಾಲೆಯಲ್ಲಿ ಮಕ್ಕಳು ಈಗಾಗಲೇ ಬೇರೆ ಬೇರೆ ಕೂತಿರಬಹುದು. ಊಟದ ಹಾಲ್‌ಗಿಂತ ಮೊದಲು ಎಪಿ ಕೆಮಿಸ್ಟ್ರಿ ಕ್ಲಾಸಿನ ಬಾಗಿಲಲ್ಲಿ ನಿಂತು ನೋಡಿ. ಯಾರು ಒಳಗಿದ್ದಾರೆ, ಯಾರಿಲ್ಲ ಅಂತ ಗೊತ್ತಾಗುತ್ತೆ. ಕ್ಲಬ್ಬಿನಲ್ಲಿ ವಾರಕ್ಕೆ ಒಂದು ಗಂಟೆ ತಮ್ಮವರ ಜೊತೆ ಕೂತ ಮಗು ಮಿಕ್ಕ ಗಂಟೆಗಳಲ್ಲಿ ಎಲ್ಲರ ಜೊತೆ ಧೈರ್ಯವಾಗಿ ಬೆರೆಯೋದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಾವು ಕನ್ನಡ ಕೂಟ ಮಾಡಿಕೊಂಡಿಲ್ವಾ? ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರಿ, ನಮ್ಮ ಭಾಷೆಯಲ್ಲಿ ಹೊಟ್ಟೆ ತುಂಬ ಮಾತಾಡಿ ಬಂದರೆ ಸೋಮವಾರ ಆಫೀಸಿನಲ್ಲಿ ಅಮೆರಿಕನ್ನರ ಮೇಲೆ ದ್ವೇಷ ಬರುತ್ತಾ? ಮನಸ್ಸು ಹಗುರ ಆಗಿರುತ್ತೆ ಅಷ್ಟೇ.

ಯಜಮಾನರ ಮಾತು, 'ನಮ್ಮ ಮಕ್ಕಳಿಗೆ ಇದೆಲ್ಲಾ ಯಾಕೆ'. ಇದನ್ನು ನಾನು ನಮ್ಮವರ ಮನೆಗಳಲ್ಲಿ ಬಹಳ ಕೇಳಿದ್ದೇನೆ. ಇದರ ಒಳಗೆ ಇನ್ನೊಂದು ಮಾತು ಅಡಗಿರುತ್ತೆ, 'ಆ ಮಕ್ಕಳ ಜೊತೆ ಸೇರಿದರೆ ಇವಳೂ ಹಾಗೇ ಆಗ್ತಾಳೆ' ಅಂತ. ನಿಮ್ಮ ಮನೆಯಲ್ಲಿ ಹಾಗಿದೆ ಅಂತ ನಾನು ಹೇಳುತ್ತಿಲ್ಲ. ಇದ್ದರೆ ಅದನ್ನು ಮಗಳ ಮುಂದೆ ಆಡಬೇಡಿ, ಅವಳಿಗೆ ಅದು ಗೆಳತಿಯರಿಗೆ ಬೈದ ಹಾಗೆ ಕೇಳುತ್ತೆ. ಜೊತೆಗೆ ನಾವು ಈ ದೇಶಕ್ಕೆ ಬಂದ ದಾರಿಯನ್ನೂ ಒಂದು ಸಲ ನೆನೆಯಿರಿ. 1946ರ ಕಾಯ್ದೆಯ ಪ್ರಕಾರ ವರ್ಷಕ್ಕೆ 100 ಭಾರತೀಯರಿಗೆ ಮಾತ್ರ ಇಲ್ಲಿ ವಲಸೆಯ ಕೋಟಾ ಇತ್ತು. ಹುಟ್ಟಿದ ದೇಶ ನೋಡಿ ಬಾಗಿಲು ಹಾಕುವ ಆ ಪದ್ಧತಿ ಹೋಗಿದ್ದು 1965ರ ವಲಸೆ ಕಾಯ್ದೆಯಿಂದ. ಅದಕ್ಕೆ ಹಿಂದಿನ ವರ್ಷ, 1964ರಲ್ಲಿ, ನಾಗರಿಕ ಹಕ್ಕುಗಳ ಕಾಯ್ದೆ ಬಂದಿತ್ತು. ಕಪ್ಪು ಜನರು ಬೀದಿಗಿಳಿದು, ಪೆಟ್ಟು ತಿಂದು, ಜೈಲಿಗೆ ಹೋಗಿ ಈ ದೇಶದ ಮನಸ್ಸನ್ನು ತಿರುಗಿಸಿದ್ದರಿಂದ ನಮ್ಮಂಥವರಿಗೂ ಬಾಗಿಲು ತೆರೆಯಿತು. ಅವರ ಮೊಮ್ಮಕ್ಕಳ ಜೊತೆ ನಮ್ಮ ಮಗಳು ಕೂತು ಓದೋದರಲ್ಲಿ ಏನು ನಷ್ಟ?

ನಮ್ಮ ಮಕ್ಕಳಿಗೂ ಕ್ಲಬ್ ಬೇಕಾಗುತ್ತೆ, ಕಾರಣ ಮಾತ್ರ ಬೇರೆ. ಭಾರತೀಯರ ಮಗು ಅಂದರೆ ಗಣಿತ ತಾನಾಗೇ ಬರುತ್ತೆ ಅಂತ ಟೀಚರೂ ಅಂದುಕೊಂಡಿರುತ್ತಾರೆ, ನಾವೂ ಅಂದುಕೊಂಡಿರುತ್ತೇವೆ. ಬರದೇ ಇದ್ದಾಗ ಆ ಮಗು ಯಾರನ್ನೂ ಕೇಳಲ್ಲ. ಹೆಸರನ್ನು ತಪ್ಪಾಗಿ ಕರೆದರೆ ಸುಮ್ಮನಿರುತ್ತೆ, ಡಬ್ಬಿ ತೆಗೆಯೋಕೆ ನಾಚಿಕೆ ಪಡುತ್ತೆ, ರಾತ್ರಿ ಎರಡು ಗಂಟೆಗೆ ಒಬ್ಬಳೇ ಅಳುತ್ತೆ. ನನ್ನ ಆಫೀಸಿಗೆ ಬಂದ ನಮ್ಮವರ ಮಕ್ಕಳಲ್ಲಿ ಎಷ್ಟೋ ಜನ 'ಅಮ್ಮನಿಗೆ ಹೇಳಬೇಡಿ' ಅಂತಲೇ ಮಾತು ಶುರು ಮಾಡುತ್ತಿದ್ದರು.

ಕಾನೂನಿನ ವಿಷಯ. 1984ರ ಈಕ್ವಲ್ ಆಕ್ಸೆಸ್ ಆಕ್ಟ್ ಪ್ರಕಾರ, ಕೇಂದ್ರ ಸರ್ಕಾರದ ಹಣ ಪಡೆಯುವ ಸರ್ಕಾರಿ ಹೈಸ್ಕೂಲು ಪಾಠಕ್ಕೆ ಸಂಬಂಧಿಸದ ಒಂದೇ ಒಂದು ಕ್ಲಬ್ಬಿಗೆ ಜಾಗ ಕೊಟ್ಟರೂ, ವಿಷಯ ಇಷ್ಟವಿಲ್ಲ ಅಂತ ಇನ್ನೊಂದು ಕ್ಲಬ್ಬಿಗೆ ಇಲ್ಲ ಅನ್ನೋ ಹಾಗಿಲ್ಲ. ಆ ಕಾಯ್ದೆ ಬಂದಿದ್ದು ಮುಖ್ಯವಾಗಿ ಧಾರ್ಮಿಕ ಕ್ಲಬ್ಬುಗಳಿಗಾಗಿ. 1990ರಲ್ಲಿ ನೆಬ್ರಾಸ್ಕಾದ ಒಮಾಹಾ ಶಾಲೆಯೊಂದರ ಕ್ರೈಸ್ತ ವಿದ್ಯಾರ್ಥಿಗಳ ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಎಲ್ಲ ಥರದ ಕ್ಲಬ್ಬುಗಳಿಗೂ ಅದೇ ಆಸರೆ. ಕ್ಲಬ್ ವಿದ್ಯಾರ್ಥಿಗಳೇ ಶುರು ಮಾಡಿದ್ದಾಗಿರಬೇಕು, ಬರೋದು ಬಿಡೋದು ಅವರ ಇಷ್ಟ, ಹೊರಗಿನವರು ನಡೆಸಬಾರದು. ಇದರ ಜೊತೆ 1964ರ ಕಾಯ್ದೆಯ ಟೈಟಲ್ 6 ಇದೆ: ಜನಾಂಗ ನೋಡಿ ಯಾರನ್ನೂ ಹೊರಗಿಡಬಾರದು. ಹಾಗಾಗಿ ಕ್ಲಬ್ಬಿನ ಹೆಸರು ಏನೇ ಇರಲಿ, ಬಿಳಿಯ ಮಗು ಬಂದರೂ ಕುರ್ಚಿ ಕೊಡಬೇಕು. ಕ್ಲಬ್ಬಿನ ನಿಯಮದಲ್ಲಿ 'ಎಲ್ಲ ವಿದ್ಯಾರ್ಥಿಗಳಿಗೂ ಸ್ವಾಗತ' ಅಂತ ಬರೆದಿದೆಯಾ ಅಂತ ಮಗಳು ನೋಡಲಿ. ಸೆಕ್ರೆಟರಿ ಆದರೆ ಅದು ಅವಳದೇ ಕೆಲಸ.

ನಿಮಗೆ ಯಾರೋ ಹೇಳಿದ್ದು ಬಹುಶಃ 2025ರ ಫೆಬ್ರವರಿಯ ಪತ್ರದ ವಿಷಯ. ಜನಾಂಗ ನೋಡಿ ನಡೆಸುವ ಕಾರ್ಯಕ್ರಮ ಬಿಡದಿದ್ದರೆ ಹಣ ನಿಲ್ಲಬಹುದು ಅಂತ ಕೇಂದ್ರ ಶಿಕ್ಷಣ ಇಲಾಖೆ ಶಾಲೆಗಳಿಗೆ ಎಚ್ಚರಿಕೆ ಕೊಟ್ಟಿತ್ತು. ಎಷ್ಟೋ ಶಾಲೆಗಳು ಹೆದರಿದವು. ಅದೇ ವರ್ಷ ಆಗಸ್ಟ್‌ನಲ್ಲಿ ಮೇರಿಲ್ಯಾಂಡ್‌ನ ಫೆಡರಲ್ ಕೋರ್ಟ್ ಆ ಪತ್ರವನ್ನು ರದ್ದು ಮಾಡಿತು. ಎಲ್ಲರಿಗೂ ತೆರೆದಿರುವ ಓದಿನ ಕ್ಲಬ್ಬಿಗೆ ಹೆದರಿಕೆ ಬೇಡ.

ಕಾಲೇಜ್ ಅಡ್ಮಿಷನ್‌ಗೂ ತೊಂದರೆ ಇಲ್ಲ. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹಾರ್ವರ್ಡ್ ಪ್ರಕರಣದಲ್ಲಿ, ಜನಾಂಗವನ್ನು ನೋಡಿ ಸೀಟು ಕೊಡೋದನ್ನು ನಿಲ್ಲಿಸಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಅಂತ ವಿದ್ಯಾರ್ಥಿ ಬರೆದರೆ ಅದನ್ನು ಓದಬಾರದು ಅಂತ ಏನೂ ಇಲ್ಲ ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಅದೇ ತೀರ್ಪಿನಲ್ಲಿ ಬರೆದಿದ್ದಾರೆ. ಅರ್ಜಿಯಲ್ಲಿ 'ಸೆಕ್ರೆಟರಿ' ಅನ್ನೋ ಪದಕ್ಕೆ ತೂಕ ಕಡಿಮೆ. 'ಹತ್ತು ಜನ ಒಂಬತ್ತನೇ ಗ್ರೇಡಿನವರಿಗೆ ಆನರ್ಸ್ ಕ್ಲಾಸಿಗೆ ಸೇರೋಕೆ ಸಹಾಯ ಮಾಡಿದೆ' ಅನ್ನೋ ಥರದ ನಿಜವಾದ ಸಾಲಿಗೆ ತೂಕ ಇದೆ. ಅರ್ಜಿಗೋಸ್ಕರ ಮಾತ್ರ ಸೇರೋದಾದರೆ ಬೇಡ, ಮಿಕ್ಕ ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತೆ.

ಇನ್ನು ಓದು ಹಾಳಾಗುತ್ತಾ ಅನ್ನೋದು. ವಾರಕ್ಕೆ ಒಂದು ಮೀಟಿಂಗ್, ಅದರ ಮೇಲೆ ಒಂದು ಗಂಟೆ ಕೆಲಸ. ಅದಕ್ಕಿಂತ ಜಾಸ್ತಿ ಆದರೆ ಇಬ್ಬರು ಸೆಕ್ರೆಟರಿ ಮಾಡಿ ಅಂತ ಅವಳು ಕೇಳಲಿ. ಬೇರೆಯವರಿಗೆ ಹೇಳಿಕೊಡುವ ಮಗುವಿಗೆ ಪಾಠ ಇನ್ನೂ ಗಟ್ಟಿಯಾಗುತ್ತೆ, ಅದನ್ನು ಯಜಮಾನರಿಗೂ ಹೇಳಿ.

ಕೊನೆಯದಾಗಿ ಬಸ್ಸಿನ ವಿಷಯ. ಇದು ಚಿಕ್ಕದು ಅನಿಸುತ್ತೆ, ಆದರೆ ಒಳ್ಳೊಳ್ಳೆ ಕ್ಲಬ್ಬುಗಳು ಇದರಿಂದಲೇ ಬಿದ್ದುಹೋಗಿವೆ. ಶಾಲೆ ಬಿಟ್ಟ ಮೇಲೆ ಮೀಟಿಂಗ್ ಇಟ್ಟರೆ ಕಾರಿರುವ ಮನೆಯ ಮಕ್ಕಳು ಮಾತ್ರ ಉಳಿಯುತ್ತಾರೆ. ಅಪ್ಪ ಅಮ್ಮ ಇಬ್ಬರೂ ಶಿಫ್ಟ್ ಕೆಲಸ ಮಾಡುವ ಮನೆಯ ಮಗು, ಅಂದರೆ ಯಾರಿಗೆ ಕ್ಲಬ್ ಎಲ್ಲರಿಗಿಂತ ಜಾಸ್ತಿ ಬೇಕೋ ಆ ಮಗು, ಮೂರು ಗಂಟೆಯ ಬಸ್ ಹತ್ತಿ ಹೋಗಿರುತ್ತೆ. ಕ್ಲಬ್ಬಿನ ಅಡ್ವೈಸರ್ ಆಗಿರುವ ಟೀಚರ್ ಹತ್ತಿರ ಮಗಳು ಎರಡು ವಿಷಯ ಕೇಳಲಿ: ಸಂಜೆ ತಡವಾಗಿ ಹೊರಡುವ ಬಸ್ ಇದೆಯಾ, ಇಲ್ಲದಿದ್ದರೆ ಊಟದ ಬಿಡುವಿನಲ್ಲಿ ಮೀಟಿಂಗ್ ಇಡಬಹುದಾ. ಎರಡೂ ಆಗಲ್ಲ ಅಂದರೆ ನಿಮ್ಮ ಕಾರಿನಲ್ಲಿ ಸೀಟು ಖಾಲಿ ಇರುತ್ತೆ ಅಲ್ವಾ? ಮೊದಲ ತಿಂಗಳು ನೀವೇ ಹೋಗಿ ಇಬ್ಬರು ಮಕ್ಕಳನ್ನು ಅವರವರ ಮನೆಗೆ ಬಿಟ್ಟು ಬನ್ನಿ. ಆ ಮಕ್ಕಳ ತಾಯಂದಿರ ಪರಿಚಯವೂ ಆಗುತ್ತೆ. ಕೋರ್ಸ್ ಆಯ್ಕೆಯ ಫಾರ್ಮ್ ಬಂದಾಗ ನೀವೆಲ್ಲಾ ಒಟ್ಟಿಗೆ ಕೂತು ಅದನ್ನು ತುಂಬಬಹುದು.